ಇ-ರೀಡರ್ ಆರಿಸುವ ಮುನ್ನ ನಿಮ್ಮ ಕೊನೆಯ ಹತ್ತು ಪುಸ್ತಕ ನೋಡಿ

"ಯಾವ ಇ-ರೀಡರ್ ತಗೊಳ್ಳಲಿ?" ಎಂದು, ಅಂದರೆ ಇ-ಪುಸ್ತಕ ಓದಲೆಂದೇ ಮಾಡಿದ ಯಂತ್ರ ಯಾವುದು ಕೊಳ್ಳಲಿ ಎಂದು, ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನೀವು ಇತ್ತೀಚೆಗೆ ಓದಿ ಮುಗಿಸಿದ ಹತ್ತು ಪುಸ್ತಕ ಯಾವುವು? ಓದಬೇಕೆಂದು ಎತ್ತಿಟ್ಟದ್ದಲ್ಲ, ಮುಗಿಸಿದ್ದು. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಾಗಿ, ಆಮೇಲೆ ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ವಾರ ಎಂಬ ಮಾತಿಗೇ ವಾಪಸ್ ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಅಂಕಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ, ಇದ್ದುದರಲ್ಲೇ ಒಳ್ಳೆಯ ಪರದೆಯದನ್ನು ಕೊಂಡೆ. ತಿಂಗಳಾದ ಮೇಲೆ ಗೊತ್ತಾಯಿತು, ನನ್ನ ಬಳಿ ಇದ್ದ ಫೈಲುಗಳಲ್ಲಿ ಅರ್ಧದಷ್ಟು ಅದರಲ್ಲಿ ತೆರೆಯುವುದೇ ಇಲ್ಲ. ತೆರೆದರೂ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಪರದೆಯಲ್ಲಿ ದೋಷವೇನೂ ಇರಲಿಲ್ಲ. ನಾನು ಏನು ಓದುತ್ತೇನೆ ಎಂಬುದನ್ನು ನಾನೇ ಲೆಕ್ಕಕ್ಕೆ ತಗೊಂಡಿರಲಿಲ್ಲ, ಅಷ್ಟೆ.

ಹೆಜ್ಜೆ 1: ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಆ ಹತ್ತು ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಗುರುತು ಹಾಕಿಕೊಳ್ಳಿ. ಪುಟದಲ್ಲಿ ಬರೀ ಅಕ್ಷರವಿತ್ತೋ, ಚಿತ್ರ, ಕೋಷ್ಟಕ, ನಕ್ಷೆಗಳೂ ಇದ್ದವೋ? ಮೊದಲಿಂದ ಕೊನೆಯವರೆಗೆ ನೆಟ್ಟಗೆ ಓದಿದಿರೋ, ಎರಡು ಮೂರು ಕಡೆ ಬೆರಳಿಟ್ಟುಕೊಂಡು ಹಿಂದೆ ಮುಂದೆ ತಿರುವುತ್ತ ಓದಿದಿರೋ? ಪುಸ್ತಕ ಬಂದದ್ದು ಎಲ್ಲಿಂದ: ಕೊಂಡದ್ದೋ, ಗ್ರಂಥಾಲಯದ್ದೋ, ಸ್ನೇಹಿತರದೋ, ಯಾರೋ ಕಳಿಸಿದ ಪಿಡಿಎಫ್ಫೋ?

ನನ್ನ ಪಟ್ಟಿಯಲ್ಲಿ ನಾಲ್ಕು ಕಾದಂಬರಿ, ಎರಡು ಆತ್ಮಕಥೆ, ಎರಡು ಕವನ ಸಂಕಲನ, ನಕ್ಷೆಗಳಿಂದ ತುಂಬಿದ ಒಂದು ಇತಿಹಾಸ, ಒಂದು ವ್ಯಾಕರಣ ಇದ್ದವು. ಮೊದಲ ಆರು ಇ-ರೀಡರ್‌ಗೆ ಹೇಳಿ ಮಾಡಿಸಿದಂಥವು. ಇತಿಹಾಸ ಮತ್ತು ವ್ಯಾಕರಣ ಕಾಗದದಲ್ಲೇ ಇರಬೇಕಾದವು. ಕವನದ ಕತೆ ಬೇರೆ: ಅಕ್ಷರ ದೊಡ್ಡದು ಮಾಡಿದ ಕೂಡಲೇ ಉದ್ದನೆಯ ಸಾಲು ಮುರಿದು ಕೆಳಗೆ ಬೀಳುತ್ತದೆ. ಕವಿ ಎಲ್ಲಿ ಸಾಲು ನಿಲ್ಲಿಸಿದ, ಯಂತ್ರ ಎಲ್ಲಿ ಮುರಿಯಿತು ಎಂಬುದೇ ತಿಳಿಯುವುದಿಲ್ಲ. ಗದ್ಯಕ್ಕೆ ವರವಾದ ಗುಣವೇ ಪದ್ಯಕ್ಕೆ ಶಾಪ.

ನಿಮ್ಮ ಪಟ್ಟಿಯಲ್ಲಿ ನೆಟ್ಟಗೆ ಓದುವ, ಬರೀ ಅಕ್ಷರದ ಪುಸ್ತಕ ಐದಕ್ಕಿಂತ ಕಡಿಮೆ ಇದ್ದರೆ ಇ-ರೀಡರ್ ಸದ್ಯಕ್ಕೆ ಬೇಡ ಎಂದೇ ನನ್ನ ಸಲಹೆ. ಐದು ಅಥವಾ ಹೆಚ್ಚಿದ್ದರೆ ಮುಂದೆ ಓದಿ.

ಹೆಜ್ಜೆ 2: ಈ ಪರದೆ ಏನೆಂದು ತಿಳಿದುಕೊಳ್ಳಿ

"ಫೋನಿನಲ್ಲೇ ಓದಬಹುದಲ್ಲ" ಎನ್ನುವವರಿಗೆ ಉತ್ತರ ಇರುವುದು ಪರದೆಯೊಳಗೆ. ಫೋನಿನ ಪರದೆ ತಾನೇ ಬೆಳಕು ಸೂಸುತ್ತದೆ. ಇ-ರೀಡರ್‌ನ ಇ-ಇಂಕ್ ಪರದೆ ಹೊರಗಿನ ಬೆಳಕನ್ನು ಕಾಗದದ ಹಾಗೆ ಹಿಂದಕ್ಕೆ ಕಳಿಸುತ್ತದೆ. ಅದರೊಳಗೆ ತಲೆಗೂದಲಿನ ದಪ್ಪದ ಲಕ್ಷಾಂತರ ಪುಟಾಣಿ ಕೋಶಗಳಿವೆ. ಒಂದೊಂದು ಕೋಶದಲ್ಲೂ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಬಿಳಿಯವಕ್ಕೆ ಒಂದು ಬಗೆಯ ವಿದ್ಯುದಾವೇಶ, ಕಪ್ಪಿನವಕ್ಕೆ ಅದರ ವಿರುದ್ಧದ್ದು. ಕೆಳಗಿನಿಂದ ವಿದ್ಯುತ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ತಳಕ್ಕಿಳಿಯುತ್ತದೆ. ಮೇಲೆ ಬಂದದ್ದು ವಿದ್ಯುತ್ ನಿಲ್ಲಿಸಿದರೂ ಅಲ್ಲೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಬ್ಯಾಟರಿ ಖರ್ಚು, ಪುಟ ನೋಡುತ್ತ ಕೂತರೆ ಪರದೆಗೆ ಖರ್ಚೇ ಇಲ್ಲ.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿದ ಈ ವಿದ್ಯೆಯನ್ನು ಮಾರುಕಟ್ಟೆಗೆ ತರಲು 1997ರಲ್ಲಿ ಇ-ಇಂಕ್ ಕಂಪನಿ ಶುರುವಾಯಿತು. ಈ ಪರದೆಯ ರೀಡರ್‌ಗಳಲ್ಲಿ ಸೋನಿಯ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಬಂತು, ಅಮೆಜಾನ್‌ನ ಕಿಂಡಲ್ 2007ರ ನವೆಂಬರ್‌ನಲ್ಲಿ, ಕೋಬೋ 2010ರಲ್ಲಿ. (ಕೋಬೋ ಎಂಬ ಹೆಸರು ಇಂಗ್ಲಿಷಿನ ಬುಕ್ ಪದದ ಅಕ್ಷರಗಳನ್ನು ಅದಲು ಬದಲು ಮಾಡಿದ್ದು. ಗೊತ್ತಾದಾಗ ನನಗೆ ನಗು ಬಂದಿತ್ತು.)

ಪರದೆಯ ಈ ಗುಣದಿಂದ ಬಳಕೆದಾರರಿಗೆ ಮೂರು ಪರಿಣಾಮ. ಸುಡುಬಿಸಿಲಿನಲ್ಲೂ ಪುಟ ಸ್ಪಷ್ಟ. ಪುಟ ತಿರುಗಲು ಕಣ್ಣಿಗೆ ಗೊತ್ತಾಗುವಷ್ಟು ಹೊತ್ತು ಬೇಕು. ಹಿಂದಿನ ಪುಟದ ಮಸುಕು ನೆರಳು ಒಮ್ಮೊಮ್ಮೆ ಉಳಿಯುತ್ತದೆ, ಅದನ್ನು ಅಳಿಸಲು ಪರದೆ ಆಗಾಗ ಕಪ್ಪು ಬಿಳಿಯಾಗಿ ಮಿನುಗುತ್ತದೆ. ಮೊದಲ ದಿನ ಇದು ಕೆಟ್ಟುಹೋಗಿದೆಯೇನೋ ಎಂದು ಗಾಬರಿಯಾಗಬೇಡಿ.

ಹೆಜ್ಜೆ 3: ಕಾಗದಕ್ಕೆ ಏನನ್ನು ಬಿಟ್ಟುಕೊಡಬೇಕು ಎಂದು ತೀರ್ಮಾನಿಸಿ

ಇ-ರೀಡರ್ ಕೊಂಡವರು ಕಾಗದ ಬಿಟ್ಟುಬಿಡುತ್ತಾರೆ ಎಂಬುದು ನನ್ನ ಅನುಭವದಲ್ಲಿ ನಿಜವಲ್ಲ. ಯಾವುದು ಯಾವುದರಲ್ಲಿ ಎಂದು ಪಾಲು ಹಂಚಿಕೊಳ್ಳುತ್ತಾರೆ. ಈ ಪಾಲನ್ನು ಕೊಳ್ಳುವ ಮೊದಲೇ ಮಾಡಿಕೊಂಡರೆ ಒಳ್ಳೆಯದು.

ಪಾಲು ಮಾಡಲು ಸಂಶೋಧನೆಗಳು ಸ್ವಲ್ಪ ಸಹಾಯ ಮಾಡುತ್ತವೆ. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಪಾಬ್ಲೋ ದೆಲ್ಗಾಡೋ ಮತ್ತು ಸಂಗಡಿಗರು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಒಟ್ಟು 1,70,000ಕ್ಕೂ ಹೆಚ್ಚು ಓದುಗರ ಲೆಕ್ಕ ಅದರಲ್ಲಿತ್ತು. ಮಾಹಿತಿಯ ಬರಹವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ ಓದಿದಾಗ, ಕಾಗದದಲ್ಲಿ ಓದಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಬರೀ ಕಥೆ ಓದಿದ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಪರದೆಗಳೆಲ್ಲ ಇ-ಇಂಕ್ ಅಲ್ಲ ಎಂಬುದು ನೆನಪಿರಲಿ.

ಇ-ರೀಡರನ್ನೇ ಹಿಡಿದು ಮಾಡಿದ ಪ್ರಯೋಗ ನಾರ್ವೆಯ ಆನ್ನೆ ಮಾಂಗೆನ್ ಮತ್ತು ಸಂಗಡಿಗರದು, ಪ್ರಕಟವಾದದ್ದು 2019ರಲ್ಲಿ. 50 ಜನರಿಗೆ 28 ಪುಟದ ಒಂದು ಪತ್ತೇದಾರಿ ಕಥೆ ಕೊಟ್ಟರು, ಅರ್ಧ ಜನಕ್ಕೆ ಕಿಂಡಲ್‌ನಲ್ಲಿ, ಅರ್ಧ ಜನಕ್ಕೆ ಮುದ್ರಿತ ಪ್ರತಿಯಲ್ಲಿ. ಹೆಚ್ಚಿನ ಪ್ರಶ್ನೆಗಳಲ್ಲಿ ಇಬ್ಬರೂ ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ಕಾಗದದವರು ಮುಂದಿದ್ದರು.

ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕಾಗದದ ಪುಸ್ತಕದಲ್ಲಿ ಎಡಗೈಯ ದಪ್ಪ ಹೆಚ್ಚುತ್ತ, ಬಲಗೈಯ ದಪ್ಪ ಕರಗುತ್ತ ಹೋಗುತ್ತದೆ. "ಆ ಪತ್ರದ ಪ್ರಸಂಗ ಎಡಪುಟದ ಕೆಳಗಡೆ ಇತ್ತು, ಪುಸ್ತಕದ ಮುಕ್ಕಾಲಿನ ಹತ್ತಿರ" ಎಂದು ಕೈಗೇ ನೆನಪಿರುತ್ತದೆ. ಇ-ರೀಡರ್‌ನಲ್ಲಿ ಮೊದಲ ಪುಟವೂ ಕೊನೆಯ ಪುಟವೂ ಒಂದೇ ತೂಕ. ಕೆಳಗೆ "63%" ಎಂದು ಬರೆದಿರುತ್ತದೆ, ನಿಜ. ಆದರೆ 63% ಎಂಬುದನ್ನು ಯಾರ ಕೈ ನೆನಪಿಟ್ಟುಕೊಳ್ಳುತ್ತದೆ?

ಹಾಗಾದರೆ ಇ-ರೀಡರ್ ಗೆಲ್ಲುವುದೆಲ್ಲಿ? ಮೊದಲಿಗೆ ಅಕ್ಷರದ ಗಾತ್ರದಲ್ಲಿ, ಮತ್ತು ಇದು ಸಣ್ಣ ಗೆಲುವಲ್ಲ. ಚಾಳೀಸು ಬಂದ ಮೇಲೆ ಸಣ್ಣಚ್ಚಿನ ಪುಸ್ತಕಗಳನ್ನು ಕಪಾಟಿನಲ್ಲೇ ಬಿಟ್ಟಿದ್ದ ಹಿರಿಯರು ಮತ್ತೆ ದಿನಕ್ಕೆ ಎರಡು ಗಂಟೆ ಓದತೊಡಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ತೂಕ. 6 ಇಂಚಿನ ರೀಡರ್ ಸುಮಾರು 160ರಿಂದ 175 ಗ್ರಾಂ. 800 ಪುಟದ ಕಾದಂಬರಿ ಓದಿದರೂ ಅಷ್ಟೇ, ಎದೆಯ ಮೇಲೆ ಇಟ್ಟುಕೊಂಡು ಮಲಗಿ ಓದುವವರಿಗೆ ಇದರ ಬೆಲೆ ಗೊತ್ತು. ಗೊತ್ತಿಲ್ಲದ ಪದದ ಮೇಲೆ ಬೆರಳು ಒತ್ತಿದರೆ ಅರ್ಥ ಬರುತ್ತದೆ, ಬೇರೆ ಭಾಷೆಯ ಪುಸ್ತಕ ಓದುವವರಿಗೆ ಇದೊಂದೇ ಸಾಕು. ದೀಪವಿರುವ ರೀಡರ್ ಆದರೆ ಕತ್ತಲಲ್ಲಿ ಪಕ್ಕದವರ ನಿದ್ದೆ ಕೆಡಿಸದೆ ಓದಬಹುದು.

ನಿದ್ದೆಯ ಮಾತು ಬಂದದ್ದಕ್ಕೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. "ಇ-ಪುಸ್ತಕ ನಿದ್ದೆ ಕೆಡಿಸುತ್ತದೆ" ಎಂಬ ಮಾತಿಗೆ ಬಹಳ ಕಡೆ ಆಧಾರವಾಗಿ ಕೊಡುವುದು 2014ರ ಕೊನೆಗೆ ಅಮೆರಿಕದಿಂದ ಬಂದ ಒಂದು ಪ್ರಯೋಗವನ್ನು. ಅದರಲ್ಲಿ 12 ಜನ ಐದು ರಾತ್ರಿ, ಮಲಗುವ ಮುನ್ನ ಗಂಟೆಗಟ್ಟಲೆ ಓದಿದ್ದು ಐಪ್ಯಾಡ್‌ನಲ್ಲಿ, ಅಂದರೆ ಬೆಳಕು ಸೂಸುವ ಪರದೆಯಲ್ಲಿ. ಕಾಗದದ ಪುಸ್ತಕ ಓದಿದ ರಾತ್ರಿಗಳಿಗಿಂತ ಸುಮಾರು ಹತ್ತು ನಿಮಿಷ ತಡವಾಗಿ ನಿದ್ದೆ ಬಂತು. ಬೆಳಕು ಕಡಿಮೆ ಮಾಡಿಕೊಂಡ ಇ-ಇಂಕ್ ಪರದೆಗೆ ಅದನ್ನು ಹಾಗೇ ಅಂಟಿಸಲಾಗದು.

ಪಾಲು ಹಂಚುವಾಗ ಇದು ನನ್ನ ಲೆಕ್ಕ: ಒಮ್ಮೆ ಓದಿ ಮುಗಿಸುವ ಕಥೆ, ಜೀವನಚರಿತ್ರೆ, ದಪ್ಪ ಪುಸ್ತಕ, ಸಣ್ಣಚ್ಚಿನ ಪುಸ್ತಕ ಇ-ರೀಡರ್‌ಗೆ. ಪರೀಕ್ಷೆಗೆ ಓದುವುದು, ತಿರುವಿ ತಿರುವಿ ನೋಡುವುದು, ಕವನ, ಚಿತ್ರದ ಪುಸ್ತಕ, ಮಕ್ಕಳ ಪುಸ್ತಕ, ಯಾರಿಗಾದರೂ ಕೊಡಬೇಕೆನಿಸುವ ಪುಸ್ತಕ ಕಾಗದಕ್ಕೆ.

ಹೆಜ್ಜೆ 4: ಗಾತ್ರವನ್ನು ಸ್ಕೇಲಿನಲ್ಲಿ ಅಳೆಯಿರಿ

ಇಂಚಿನ ಅಂಕಿ ಕರ್ಣದ ಅಳತೆ, ಅದರಿಂದ ಪುಟ ಕಣ್ಣಮುಂದೆ ಬರುವುದಿಲ್ಲ. 6 ಇಂಚಿನ ಪರದೆ ಎಂದರೆ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಒಂದು ಕಾಗದದ ಮೇಲೆ ಈ ಚೌಕಟ್ಟು ಬರೆದು ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ಇ-ಪುಸ್ತಕದ ಫೈಲ್ ಆದರೆ ಅಕ್ಷರಗಳು ಪರದೆಗೆ ತಕ್ಕಂತೆ ತಾವೇ ಹರಡಿಕೊಳ್ಳುವುದರಿಂದ ಇಷ್ಟು ಜಾಗ ಧಾರಾಳ ಸಾಕು.

ಪಿಡಿಎಫ್ ಹಾಗಲ್ಲ. ಅದು ಪುಟದ ಫೋಟೋ ಇದ್ದಂತೆ, ಪರದೆ ಚಿಕ್ಕದಾದರೆ ಪುಟವೇ ಕುಗ್ಗುತ್ತದೆ. ಎ4 ಹಾಳೆಯ ಅಗಲ 21 ಸೆಂ.ಮೀ. ಅದನ್ನು 9 ಸೆಂ.ಮೀ.ಗೆ ಕುಗ್ಗಿಸಿದರೆ 12 ಪಾಯಿಂಟಿನ ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ. ಔಷಧಿ ಡಬ್ಬಿಯೊಳಗಿನ ಮಡಿಚಿದ ಚೀಟಿ ನೆನಪಿಸಿಕೊಳ್ಳಿ, ಅಷ್ಟು. ಅದೇ ಎ4 ಪುಟ 10.3 ಇಂಚಿನ ಪರದೆಯಲ್ಲಿ ಸುಮಾರು 70% ಅಳತೆಗೆ ಬರುತ್ತದೆ, ಓದಬಹುದು. 13.3 ಇಂಚಿನದರಲ್ಲಿ ಹೆಚ್ಚುಕಡಿಮೆ ಪೂರ್ತಿ. ಡೆಮಿ 1/8 ಅಳತೆಯ (ಸಾಮಾನ್ಯ ಕಾದಂಬರಿಯ ಅಳತೆ) ಪುಸ್ತಕದ ಸ್ಕ್ಯಾನ್ ಪ್ರತಿಗೆ 7.8 ಇಂಚು ಸಾಕು, ಆದರೆ ಸುತ್ತಲಿನ ಮಾರ್ಜಿನ್ ಕತ್ತರಿಸುವ ಸೌಲಭ್ಯ ಆ ರೀಡರ್‌ನಲ್ಲಿ ಇರಬೇಕು.

ಪಟ್ಟಿಯ ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಪಿಡಿಎಫ್ ಇದ್ದರೆ 6 ಇಂಚಿನದನ್ನು ಮುಟ್ಟಬೇಡಿ. ಇಲ್ಲದಿದ್ದರೆ 6 ಅಥವಾ 7 ಇಂಚು ಸರಿ. 6 ಇಂಚಿನದು ಒಂದೇ ಕೈಗೆ ಕೂರುತ್ತದೆ. 7 ಇಂಚಿನದು 200 ಗ್ರಾಂ ಆಸುಪಾಸು, ದೊಡ್ಡ ಅಕ್ಷರ ಇಟ್ಟುಕೊಳ್ಳುವವರಿಗೆ ಪುಟಕ್ಕೆ ನಾಲ್ಕೈದು ಸಾಲು ಹೆಚ್ಚು ಸಿಗುತ್ತದೆ. 10 ಇಂಚಿನವು 400 ಗ್ರಾಂ ಹತ್ತಿರ, ಮೇಜಿನ ಮೇಲೋ ತೊಡೆಯ ಮೇಲೋ ಇಟ್ಟುಕೊಂಡೇ ಓದಬೇಕು.

ಸ್ಪಷ್ಟತೆಯ ಅಂಕಿ ಪಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. 2007ರ ಮೊದಲ ಕಿಂಡಲ್ 167 ಪಿಪಿಐ ಇತ್ತು, ಈಗ 300 ಸಾಮಾನ್ಯ. 300 ಇದ್ದರೆ ಮುದ್ರಣಕ್ಕೆ ಹತ್ತಿರ. ಅದಕ್ಕಿಂತ ಕಡಿಮೆಯದನ್ನು ನಾನು ಕೊಳ್ಳುವುದಿಲ್ಲ, ಯಾಕೆಂದರೆ ನಮ್ಮ ಲಿಪಿಯ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಬೇಗ ಕಲಸಿಹೋಗುತ್ತವೆ.

ಹೆಜ್ಜೆ 5: ಬೆಳಕು, ಗುಂಡಿ, ನೀರು

ಇ-ರೀಡರ್‌ನ ದೀಪಗಳು ಪರದೆಯ ಅಂಚಿನಲ್ಲಿದ್ದು ಬೆಳಕನ್ನು ಪುಟದ ಮೇಲೆ ಹಾಯಿಸುತ್ತವೆ, ಫೋನಿನಂತೆ ಹಿಂದಿನಿಂದ ಕಣ್ಣಿಗೆ ಎಸೆಯುವುದಿಲ್ಲ. ದೀಪ ಇರುವುದನ್ನೇ ಕೊಳ್ಳಿ. ಬಿಳಿ ಬೆಳಕನ್ನು ಹಳದಿಗೆ ತಿರುಗಿಸುವ ಸೌಲಭ್ಯ ಇದ್ದರೆ ರಾತ್ರಿ ಓದಿಗೆ ಹಿತ. ಪುಟ ತಿರುಗಿಸಲು ಪಕ್ಕದಲ್ಲಿ ಗುಂಡಿ ಇರುವ ಮಾದರಿಗಳನ್ನು ಒಮ್ಮೆ ಬಳಸಿದವರು ಬಿಡುವುದಿಲ್ಲ, ನಾನೂ ಆ ಪಂಗಡದವನೇ. ಐಪಿಎಕ್ಸ್8 ಎಂದು ಬರೆದಿದ್ದರೆ ಸಾಮಾನ್ಯವಾಗಿ 2 ಮೀಟರ್ ಆಳದ ಸಿಹಿನೀರಿನಲ್ಲಿ 60 ನಿಮಿಷ ತಡೆಯುತ್ತದೆ ಎಂದು ಅರ್ಥ. ಮಳೆ, ಚೆಲ್ಲಿದ ಲೋಟ ಇವಕ್ಕೆ ಒಳ್ಳೆಯ ರಕ್ಷಣೆ. ಒದ್ದೆಯಾದರೆ ಪೂರ್ತಿ ಒಣಗುವವರೆಗೆ ಚಾರ್ಜ್‌ಗೆ ಹಾಕಬೇಡಿ.

ಹೆಜ್ಜೆ 6: ಯಾರ ಅಂಗಡಿಗೆ ಕಟ್ಟಿಬೀಳುತ್ತೀರಿ ಎಂದು ನೋಡಿ

ಜನ ಅತಿ ಕಡಿಮೆ ಹೊತ್ತು ಯೋಚಿಸುವುದು ಇಲ್ಲಿ, ಅತಿ ಹೆಚ್ಚು ಪಶ್ಚಾತ್ತಾಪ ಪಡುವುದೂ ಇಲ್ಲೇ. ಪರದೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಒಂದೇ ಕಂಪನಿಯ ಪರದೆಗಳನ್ನೇ ಬಹುಪಾಲು ಎಲ್ಲರೂ ಹಾಕುವುದು. ಬೇರೆಯಾಗುವುದು ಪುಸ್ತಕ ಎಲ್ಲಿಂದ ಬರುತ್ತದೆ, ಬಂದದ್ದು ಎಲ್ಲಿಗೆ ಹೋಗಬಲ್ಲದು ಎಂಬಲ್ಲಿ.

ಇ-ಪುಸ್ತಕಗಳಿಗೆ ಎಲ್ಲರಿಗೂ ಮುಕ್ತವಾದ ಕಡತ ಮಾದರಿ (ಫಾರ್ಮ್ಯಾಟ್) ಇಪಬ್, 2007ರಿಂದ ಇದೆ. ಒಳಗೆ ಅದು ಒಂದು ಜಿಪ್ ಕಡತ, ವೆಬ್ ಪುಟಗಳಂಥ ಪುಟಗಳನ್ನು ಮಡಿಚಿಟ್ಟದ್ದು. ಕೋಬೋ, ಪಾಕೆಟ್‌ಬುಕ್ ಮುಂತಾದವು ಇಪಬ್ ಅನ್ನು ನೇರ ತೆರೆಯುತ್ತವೆ. ಕಿಂಡಲ್‌ಗೆ ಅದರದೇ ಮಾದರಿ. 2022ರಿಂದ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಇಪಬ್ ಕಳಿಸಿದರೆ ಅದು ಮಾರ್ಪಡಿಸಿ ರೀಡರ್‌ಗೆ ಹಾಕುತ್ತದೆ, ಕೇಬಲ್ ಹಚ್ಚಿ ನೇರ ಹಾಕಿದರೆ ತೆರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಪುಸ್ತಕಗಳನ್ನು ಜೋಡಿಸಿಡಲು, ಮಾದರಿ ಬದಲಿಸಲು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವಿದೆ, 2006ರಲ್ಲಿ ಕೋವಿದ್ ಗೋಯಲ್ ಶುರುಮಾಡಿದ್ದು. ಯಾವ ರೀಡರ್ ಕೊಂಡರೂ ಮೊದಲು ಅದನ್ನು ಹಾಕಿಕೊಳ್ಳಿ.

ಮಾದರಿಗಿಂತ ದೊಡ್ಡ ಸಂಗತಿ ಬೀಗ, ಅಂದರೆ ಕೊಂಡ ಫೈಲನ್ನು ನಕಲು ಮಾಡದಂತೆ, ಬೇರೆ ಕಡೆ ತೆರೆಯದಂತೆ ಹಾಕಿದ ತಡೆ. ಅಂಗಡಿಯಲ್ಲಿ "ಕೊಳ್ಳಿ" ಎಂಬ ಗುಂಡಿ ಒತ್ತಿದರೂ ಬಹಳಷ್ಟು ಸಲ ನಿಮಗೆ ಸಿಗುವುದು ಓದಲು ಅನುಮತಿ ಮಾತ್ರ. 2009ರ ಜುಲೈನಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳ ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಹಕ್ಕಿಲ್ಲದವರು ಅವನ್ನು ಮಾರಾಟಕ್ಕೆ ಇಟ್ಟಿದ್ದರಂತೆ. ಹಣ ವಾಪಸ್ ಕೊಟ್ಟರು, ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ರಾತ್ರಿ ಮಲಗುವಾಗ ಕಪಾಟಿನಲ್ಲಿದ್ದ ಪುಸ್ತಕ ಬೆಳಿಗ್ಗೆ ಇಲ್ಲವಾಗಬಹುದು ಎಂದು ಓದುಗರಿಗೆ ಮೊದಲ ಸಲ ಗೊತ್ತಾದದ್ದು ಆಗ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೂ ಹೋದವು, ಹಣ ಮಾತ್ರ ಮರಳಿತು. 2025ರ ಫೆಬ್ರವರಿ 26ರಿಂದ, ಕೊಂಡ ಕಿಂಡಲ್ ಪುಸ್ತಕವನ್ನು ವೆಬ್‌ಸೈಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಕೇಬಲ್ಲಿನಲ್ಲಿ ಹಾಕಿಕೊಳ್ಳುವ ದಾರಿಯನ್ನೂ ಅಮೆಜಾನ್ ತೆಗೆದುಹಾಕಿತು.

ಕಾಗದದ ಪುಸ್ತಕ ಕೊಂಡರೆ ನಿಮ್ಮದು. ಎರವಲು ಕೊಡಬಹುದು (ವಾಪಸ್ ಬರುವುದು ಬೇರೆ ಮಾತು), ಮಾರಬಹುದು, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದು. ಹೋಲಿಕೆಯಲ್ಲಿ ಕಾಗದದ ನಿಜವಾದ ಮೇಲುಗೈ ಇದು ಎಂದು ನಾನು ಎಣಿಸುತ್ತೇನೆ. ವಾಸನೆ, ಸ್ಪರ್ಶ ಎಲ್ಲ ಇದರ ಮುಂದೆ ಸಣ್ಣವು.

ಹಾಗಾಗಿ ಇಲ್ಲಿ ಮಾಡಬೇಕಾದ ಕೆಲಸ: ಪಟ್ಟಿಯ ಹತ್ತು ಪುಸ್ತಕಗಳನ್ನೂ ನೀವು ನೋಡುತ್ತಿರುವ ರೀಡರ್‌ನ ಅಂಗಡಿಯಲ್ಲಿ ಹುಡುಕಿ. ಎಷ್ಟು ಸಿಕ್ಕವು ಎಂದು ಬರೆದುಕೊಳ್ಳಿ. ಸಿಕ್ಕವುಗಳಲ್ಲಿ ಬೀಗವಿಲ್ಲದವು ಎಷ್ಟು ಎಂದೂ ನೋಡಿ, ಕೆಲವು ಪ್ರಕಾಶಕರು ಬೀಗ ಹಾಕದೆ ಮಾರುತ್ತಾರೆ. ಗ್ರಂಥಾಲಯದಿಂದ ಇ-ಪುಸ್ತಕ ಎರವಲು ತರುವ ಅಭ್ಯಾಸವಿದ್ದರೆ ಆ ಗ್ರಂಥಾಲಯದ ಸೇವೆ ಈ ರೀಡರ್‌ನಲ್ಲಿ ನಡೆಯುತ್ತದೆಯೇ ಎಂದು ಅಲ್ಲೇ ಕೇಳಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳಾದರೆ ಚಿಂತೆಯಿಲ್ಲ. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲೇ 70,000ಕ್ಕೂ ಹೆಚ್ಚು ಪುಸ್ತಕ ಉಚಿತವಾಗಿ, ಬೀಗವಿಲ್ಲದೆ ಸಿಗುತ್ತವೆ, ಹೆಚ್ಚಿನವು ಇಂಗ್ಲಿಷ್.

ಹೆಜ್ಜೆ 7: ಕನ್ನಡ ಓದಿಸಿ ನೋಡಿ

ಕನ್ನಡ ಪುಸ್ತಕ ಓದುವವರು ಈ ಹೆಜ್ಜೆ ಬಿಟ್ಟು ಮುಂದೆ ಹೋಗಬೇಡಿ. ಯಂತ್ರಕ್ಕೆ ಕನ್ನಡದ ಫಾಂಟ್ ಇದ್ದರಷ್ಟೇ ಸಾಲದು, ಅಕ್ಷರ ಜೋಡಿಸುವುದೂ ಬರಬೇಕು. ಬರದಿದ್ದರೆ ಒತ್ತು ಕೆಳಗೆ ಇಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ, ಇಲ್ಲವೇ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬರುತ್ತದೆ. ನಾನು ಒಂದು ಪರೀಕ್ಷಾ ಕಡತ ಮಾಡಿಟ್ಟುಕೊಂಡಿದ್ದೇನೆ, ಒಳಗಿರುವುದು ಹತ್ತಿಪ್ಪತ್ತು ಪದ: ಸ್ವಾತಂತ್ರ್ಯ, ರಾಷ್ಟ್ರ, ಅರ್ಘ್ಯ, ಸೂರ್ಯ, ಕೃತಜ್ಞತೆ, ದುಃಖ, ಹೀಗೆ. ತಂತ್ರ್ಯ ಎಂಬಲ್ಲಿ ಎರಡು ಒತ್ತು ಕೆಳಗೆ ಸರಿಯಾಗಿ ಕೂತು, ಸೂರ್ಯದ ಅರ್ಕಾವತ್ತು ತನ್ನ ಜಾಗದಲ್ಲಿ ನಿಂತರೆ ಆ ರೀಡರ್ ಪಾಸು. ಅದೇ ಪದಗಳನ್ನು ಪುಸ್ತಕದ ಹೆಸರಾಗಿಯೂ ಇಟ್ಟು ನೋಡಿ, ಒಳಗೆ ಚೆನ್ನಾಗಿ ತೋರಿಸುವ ಕೆಲವು ಯಂತ್ರ ಪುಸ್ತಕಗಳ ಹೆಸರಿನ ಪಟ್ಟಿ ತೋರಿಸುವಾಗ ಎಡವುತ್ತವೆ.

ಇನ್ನೊಂದು ಹಳೆಯ ತಲೆನೋವು ಪಿಡಿಎಫ್‌ನಿಂದ ಇ-ಪುಸ್ತಕ ಮಾಡುವುದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮಾರ್ಪಡಿಸಿದ ಕೂಡಲೇ ವೇಷ ಕಳಚಿ, ಇಡೀ ಕಾದಂಬರಿ ಅಕ್ಷರ ಚಿಹ್ನೆಗಳ ಕಲಸುಮೇಲೋಗರ. ಪರೀಕ್ಷೆ ಸುಲಭ: ಆ ಪಿಡಿಎಫ್‌ನ ಒಂದು ಸಾಲು ಕಾಪಿ ಮಾಡಿ ಫೋನಿನ ಮೆಸೇಜಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ), ಮಾರ್ಪಡಿಸಬಹುದು. ಅರ್ಥವಿಲ್ಲದ್ದು ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಕ್ಕೆ ಕೊಡಬೇಕು. ಸಾಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಪ್ರತಿ, ದೊಡ್ಡ ಪರದೆಯೇ ಗತಿ.

ನೀವು ಓದುವ ಇ-ಪುಸ್ತಕಗಳು ಯಾವುದೋ ಆ್ಯಪ್‌ನೊಳಗೆ ಮಾತ್ರ ತೆರೆಯುವಂಥವಾದರೆ ಆಂಡ್ರಾಯ್ಡ್ ಇರುವ ಇ-ಇಂಕ್ ರೀಡರ್ ನೋಡಿ, ಬೂಕ್ಸ್ ಕಂಪನಿಯವು ಅಂಥವು. ಬೇಕಾದ ಆ್ಯಪ್ ಹಾಕಿಕೊಳ್ಳಬಹುದು. ಅದಕ್ಕೆ ತೆರುವ ಬೆಲೆ ಬ್ಯಾಟರಿ, ಮತ್ತು ಮೆಸೇಜು, ಸುದ್ದಿ ಎಲ್ಲವೂ ಒಳಗೆ ಬರಬಹುದಾದ ಬಾಗಿಲು. ಏಕಾಗ್ರತೆ ಸಿಗಲೆಂದು ಇ-ರೀಡರ್ ಕೊಂಡು ಅದರಲ್ಲೇ ಚಾಟ್ ಹಾಕಿಕೊಂಡವರನ್ನು ಬಲ್ಲೆ.

ಹೆಜ್ಜೆ 8: ಬ್ಯಾಟರಿಯ ವಾರಗಳನ್ನು ಗಂಟೆಗೆ ಇಳಿಸಿ

"6 ವಾರ" ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಕೆಳಗಿನ ಸಣ್ಣಕ್ಷರ ಓದಿ. ಸಾಮಾನ್ಯವಾಗಿ ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್ ಎಂಬ ಲೆಕ್ಕ ಅದು. 42 ದಿನಕ್ಕೆ ಅರ್ಧ ಗಂಟೆಯಂತೆ 21 ಗಂಟೆ. ದಿನಕ್ಕೆ ಮೂರು ಗಂಟೆ ಓದುವವರಿಗೆ ಅದು ಒಂದು ವಾರ. ಆದರೂ ಫೋನಿಗೆ ಹೋಲಿಸಿದರೆ ಸ್ವರ್ಗ. ಕಾಗದಕ್ಕೆ ಹೋಲಿಸಬೇಡಿ, ಅದಕ್ಕೆ ಚಾರ್ಜ್ ಎಂಬುದೇ ಗೊತ್ತಿಲ್ಲ. ಸಂಗ್ರಹದ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬರೀ ಅಕ್ಷರದ ಪುಸ್ತಕ ಒಂದೆರಡು ಎಂಬಿ, 16 ಜಿಬಿಯಲ್ಲಿ ಸಾವಿರಾರು ಹಿಡಿಯುತ್ತವೆ. ಕಾಮಿಕ್ಸ್, ಆಡಿಯೊ ಪುಸ್ತಕ ಇದ್ದವರಿಗೆ ಮಾತ್ರ 32 ಜಿಬಿ.

ಹೆಜ್ಜೆ 9: ಬಣ್ಣ, ಪೆನ್ನು ಬೇಕೇ?

ಬಣ್ಣದ ಇ-ಇಂಕ್ ಪರದೆಗಳಲ್ಲಿ ಹೆಚ್ಚು ಕಾಣುವುದು ಕಲೈಡೋ. ಕಪ್ಪು ಬಿಳಿ ಪರದೆಯ ಮೇಲೆ ಬಣ್ಣದ ಜಾಲರಿ ಹಾಸಿದ್ದಾರೆ ಎಂದುಕೊಳ್ಳಿ. 2022ರಲ್ಲಿ ಬಂದ ಕಲೈಡೋ 3ರಲ್ಲಿ ಕಪ್ಪು ಅಕ್ಷರ 300 ಪಿಪಿಐ, ಬಣ್ಣ 150. ಬಣ್ಣಗಳು ಹಳೆಯ ದಿನಪತ್ರಿಕೆಯ ಪುರವಣಿಯಂತೆ ತೆಳು. ಜಾಲರಿಯಿಂದ ಹಿನ್ನೆಲೆಯ ಬಿಳುಪೂ ಮಂಕಾಗುವುದರಿಂದ ಹಗಲಲ್ಲೂ ದೀಪ ಹಾಕಬೇಕೆನಿಸುತ್ತದೆ. ಕಾದಂಬರಿ ಓದುವವರಿಗೆ ಬೇಡವೇ ಬೇಡ. ಪೆನ್ನಿನವು ಪುಟದ ಅಂಚಿನಲ್ಲಿ ಬರೆಯುವ ಅಭ್ಯಾಸವುಳ್ಳವರಿಗೆ, ಕರಡು ತಿದ್ದುವವರಿಗೆ. ಬರೆದದ್ದನ್ನು ಹೊರಗೆ ತೆಗೆಯಲು ಆಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 10: ಕೈಯಲ್ಲಿ ಹಿಡಿದು ನೋಡಿ, ಕವಚದ ಸಮೇತ ಕೊಳ್ಳಿ

ಸಾಧ್ಯವಿದ್ದರೆ ಪರಿಚಯದವರದನ್ನು ಒಂದು ಸಂಜೆ ಎರವಲು ಪಡೆದು ಮೂವತ್ತು ಪುಟ ಓದಿ. ಐದು ನಿಮಿಷದ ನೋಟದಲ್ಲಿ ಹೆಬ್ಬೆರಳಿನ ನೋವು ಗೊತ್ತಾಗುವುದಿಲ್ಲ. ಬಳಸಿದ್ದನ್ನು ಕೊಳ್ಳುವುದಾದರೆ ಪರದೆಯನ್ನು ಪೂರ್ತಿ ಬಿಳಿ ಮಾಡಿ ಗೆರೆ, ಚುಕ್ಕೆ ಹುಡುಕಿ. ಕತ್ತಲಲ್ಲಿ ದೀಪ ಹಾಕಿ ಒಂದೇ ಸಮ ಇದೆಯೇ ನೋಡಿ. ಹಳೆಯ ಮಾಲೀಕರ ಖಾತೆಯಿಂದ ಬಿಡುಗಡೆ ಮಾಡಿಸಿಯೇ ಹಣ ಕೊಡಿ.

ಕವಚದ ಮಾತು ತಮಾಷೆಯಲ್ಲ. ನನ್ನ ಮೊದಲ ರೀಡರ್ ಸತ್ತದ್ದು ಬಿದ್ದಲ್ಲ. ಬಟ್ಟೆಚೀಲದಲ್ಲಿ ಹಾಗೇ ಹಾಕಿದ್ದೆ, ಲ್ಯಾಪ್‌ಟಾಪ್ ಚಾರ್ಜರಿನ ಮೂಲೆ ಅದರ ಎದೆಗೆ ಒತ್ತಿಕೊಂಡಿತ್ತು. ಹೊರಗೆ ತೆಗೆದಾಗ ಮೇಲ್ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಆದರೆ ಪುಟದ ಕೆಳಗಿನರ್ಧ ಮಾತ್ರ ತಿರುಗುತ್ತಿತ್ತು, ಮೇಲಿನರ್ಧದಲ್ಲಿ ಹಿಂದಿನ ದಿನ ನಿಲ್ಲಿಸಿದ್ದ ಸಾಲುಗಳು ಉದ್ದುದ್ದ ಪಟ್ಟೆಗಳ ನಡುವೆ ಹಾಗೇ ನಿಂತಿದ್ದವು, ಈಗಲೂ ನಿಂತಿವೆ. ಬಹಳಷ್ಟು ಮಾದರಿಗಳಲ್ಲಿ ಪರದೆಯ ಒಳಪದರ ತೆಳು ಗಾಜು. ಅದನ್ನು ಬದಲಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಗಟ್ಟಿ ಮುಚ್ಚಳದ ಕವಚ ಇರಲಿ, ಚೀಲದಲ್ಲಿ ಪರದೆಯ ಮುಖ ಪುಸ್ತಕದ ಕಡೆಗಿರಲಿ.

ಹೆಜ್ಜೆ 11: ಮೊದಲ ಸಂಜೆಯ ಕೆಲಸ

ಪೆಟ್ಟಿಗೆಯಿಂದ ತೆಗೆದ ಹಾಗೇ ಓದಬೇಡಿ. ಸಾಲಿಗೆ ಐದಾರು ಪದ ಬರುವಂತೆ ಅಕ್ಷರದ ಗಾತ್ರ ಇಡಿ. ಎರಡೂ ಅಂಚು ಸಮ ಮಾಡುವ ಜೋಡಣೆ ತೆಗೆದು ಎಡಕ್ಕೆ ಮಾತ್ರ ಸಮ ಮಾಡಿ, ಕನ್ನಡದ ಉದ್ದುದ್ದ ಪದಗಳನ್ನು ಮುರಿಯಲಾಗದೆ ಯಂತ್ರ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬಿಡುತ್ತದೆ. ಒತ್ತಕ್ಷರ ಒಂದರ ಮೇಲೊಂದು ಬೀಳದಂತೆ ಸಾಲಿನ ಅಂತರ ಒಂದು ಹಂತ ಹೆಚ್ಚಿಸಿ. ಕೆಳಗೆ ಶೇಕಡಾವಾರಿನ ಬದಲು "ಅಧ್ಯಾಯದಲ್ಲಿ ಇನ್ನೆಷ್ಟು ಪುಟ" ತೋರಿಸುವಂತೆ ಮಾಡಿ, ಕೈಗೆ ಸಿಗದ ದಪ್ಪಕ್ಕೆ ಅದು ಸ್ವಲ್ಪ ಸಮಾಧಾನ. ಹಿಂದಿನ ಪುಟದ ನೆರಳು ಕಾಡಿದರೆ ಪ್ರತಿ ಪುಟಕ್ಕೂ ಪರದೆ ಪೂರ್ತಿ ಅಳಿಸುವಂತೆ ಇಡಬಹುದು. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ರೀಡರ್ ಇದ್ದವರು ಮುಂದೊಂದು ದಿನ ಕೋರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿ ನೋಡಿ, ಪಿಡಿಎಫ್‌ನ ಮಾರ್ಜಿನ್ ಕತ್ತರಿಸುವುದರಲ್ಲಿ ಅದು ಗಟ್ಟಿಗ.

ಕೊನೆಗೆ ಒಂದೇ ಒಂದು ಪುಸ್ತಕ ಹಾಕಿ. ಐನೂರು ತುಂಬಿಸಿದರೆ ಸಂಜೆಯೆಲ್ಲ ಪಟ್ಟಿ ಸರಿಸುವುದರಲ್ಲೇ ಕಳೆಯುತ್ತದೆ, ನನಗೆ ಗೊತ್ತು, ನಾನು ಕಳೆದಿದ್ದೇನೆ. ಆ ಒಂದು ಮುಗಿದ ಮೇಲೆ ಎರಡನೆಯದು ಹಾಕಿ. ಹೆಜ್ಜೆ 1ರ ಹಾಳೆಯನ್ನು ಎಸೆಯಬೇಡಿ, ಕವಚದೊಳಗೆ ಮಡಿಚಿಡಿ. ಮುಂದಿನ ಹತ್ತು ಪುಸ್ತಕ ಬರೆಯಲು ಅದರ ಹಿಂಬದಿ ಖಾಲಿ ಇದೆ.